ಫೀಡ್ ಸುಮ್ಮನಾದರೆ ಎಲ್ಲಿ ಹುಡುಕಬೇಕು

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಊರಿನಲ್ಲಿ ಅವರಿಗೆ ಎರಡೆಕರೆ ಅಡಿಕೆ ತೋಟ. ತೋಟದ ಕೆಲಸದ ಬಗ್ಗೆ ಬರೆಯುವ ಕೃಷಿಕರೊಬ್ಬರ ಸೈಟನ್ನು ಮೇಷ್ಟ್ರ ಫೋನಿನ ಫೀಡ್ ರೀಡರಿಗೆ ನಾನೇ ಸೇರಿಸಿಕೊಟ್ಟಿದ್ದೆ. ಸೈಟುಗಳ ಹೊಸ ಬರಹಗಳನ್ನು ತಂದು ಒಂದೇ ಕಡೆ ತೋರಿಸುವ ಆ್ಯಪ್ ಅದು. ಕಳೆದ ಮಳೆಗಾಲದಲ್ಲಿ ಸಿಕ್ಕಾಗ, "ಮೇಷ್ಟ್ರೇ, ಕೊಳೆರೋಗದ ಬಗ್ಗೆ ಈ ಸಲ ಏನು ಬರೆದಿದ್ದಾರೆ?" ಎಂದು ಕೇಳಿದೆ.

"ಅವ್ರು ಬರೆಯೋದು ಬಿಟ್ಟು ಆರು ತಿಂಗಳಾಯ್ತಲ್ಲಪ್ಪ" ಅಂದರು.

ಬಿಟ್ಟಿರಲಿಲ್ಲ. ಬ್ರೌಸರಿನಲ್ಲಿ ಸೈಟ್ ತೆರೆದರೆ ಏಳು ಹೊಸ ಬರಹಗಳಿದ್ದವು. ಬೋರ್ಡೋ ದ್ರಾವಣದ ಮೊದಲ ಸಿಂಪಡಣೆಯನ್ನು ಮಳೆ ಹಿಡಿಯುವ ಮೊದಲೇ ಮುಗಿಸಿಕೊಳ್ಳಿ ಎನ್ನುವ ಬರಹವೂ ಅದರಲ್ಲಿತ್ತು. ಅದನ್ನು ಓದಬೇಕಾದ ಹೊತ್ತು ದಾಟಿ ಹೋಗಿತ್ತು.

ಫೀಡಿನ ದೊಡ್ಡ ತೊಂದರೆ ಇದೇ. ಕರೆಂಟ್ ಹೋದರೆ ಗೊತ್ತಾಗುತ್ತದೆ. ನಲ್ಲಿ ನಿಂತರೆ ಗೊತ್ತಾಗುತ್ತದೆ. ಫೀಡ್ ಕೆಟ್ಟರೆ ಗೊತ್ತಾಗುವುದಿಲ್ಲ. ಬರೆಯುವವರು ಸುಮ್ಮನಿದ್ದಾರೋ, ಫೀಡ್ ಸುಮ್ಮನಾಗಿದೆಯೋ, ಓದುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಹಾಗಾಗಿ ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ಸೈಟನ್ನು ಬ್ರೌಸರಿನಲ್ಲಿ ತೆರೆದು ನೋಡಿ. ಅಲ್ಲಿ ಹೊಸದು ಇದೆ, ರೀಡರಿನಲ್ಲಿ ಇಲ್ಲ ಎಂದಾದರೆ ಮಾತ್ರ ಮುಂದೆ ಓದಿ.

ತಪ್ಪು ಇರಬಹುದಾದ ಮೂರು ಜಾಗ

ಫೀಡ್ ಎಂದರೆ ಸೈಟಿನಲ್ಲಿರುವ ಒಂದು ಫೈಲ್, ಅಷ್ಟೇ. ಇತ್ತೀಚಿನ ಬರಹಗಳ ಪಟ್ಟಿ ಎಕ್ಸ್‌ಎಂಎಲ್ ಎಂಬ ಕಟ್ಟುನಿಟ್ಟಿನ ಬರವಣಿಗೆಯಲ್ಲಿ ಅದರೊಳಗೆ ಇರುತ್ತದೆ. 1999ರಲ್ಲಿ ನೆಟ್‌ಸ್ಕೇಪ್ ಶುರು ಮಾಡಿದ ಆರ್‌ಎಸ್‌ಎಸ್ ಇರಲಿ, 2005ರಲ್ಲಿ ಮಾನಕವಾದ ಆಟಮ್ ಇರಲಿ, ಫೀಡಿನ ಈ ಎರಡೂ ಬಗೆಯ ಕೆಲಸ ಒಂದೇ. ಸೈಟ್ ತಾನಾಗಿ ಏನನ್ನೂ ಕಳಿಸುವುದಿಲ್ಲ. ರೀಡರ್ ಆಗಾಗ ಹೋಗಿ ಆ ಫೈಲನ್ನು ತರುತ್ತದೆ. ಅಂದಮೇಲೆ ತಪ್ಪು ಫೈಲಿನಲ್ಲಿರಬೇಕು, ಅಥವಾ ತರುವ ದಾರಿಯಲ್ಲಿ, ಇಲ್ಲವೇ ರೀಡರಿನಲ್ಲಿ. ಈ ಮೂರರಲ್ಲಿ ಯಾವುದು ಎಂದು ಗೊತ್ತಾಗುವ ತನಕ ಆ್ಯಪ್ ತೆಗೆದು ಮತ್ತೆ ಹಾಕುವುದು, ಫೋನ್ ರೀಸ್ಟಾರ್ಟ್ ಮಾಡುವುದು ಎಲ್ಲ ಸುಮ್ನೆ ಸಮಯ ಹಾಳು.

ರೀಡರಿನಲ್ಲಿ ಆ ಫೀಡಿನ ಸೆಟ್ಟಿಂಗ್ ತೆರೆದರೆ ಅದರ ವಿಳಾಸ ಸಿಗುತ್ತದೆ. ಅದನ್ನು ಕಾಪಿ ಮಾಡಿ ಬ್ರೌಸರಿನಲ್ಲಿ ಹಾಕಿ. ಸೈಟಿನ ವಿಳಾಸವಲ್ಲ, ಫೀಡಿನದೇ ವಿಳಾಸ. ಏನು ಕಾಣುತ್ತದೆ ಎನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ.

ಕ್ರೋಮಿನಲ್ಲಿ ಮೇಲ್ಗಡೆ 'ಈ ಎಕ್ಸ್‌ಎಂಎಲ್ ಫೈಲಿಗೆ ಸ್ಟೈಲ್ ಮಾಹಿತಿ ಇಲ್ಲ' ಎಂಬರ್ಥದ ಇಂಗ್ಲಿಷ್ ಸಾಲು ಬಂದು, ಕೆಳಗೆ ಕೋನದ ಕಂಸಗಳ ರಾಶಿ ಕಂಡರೆ ಗಾಬರಿ ಬೇಡ. ಅದು ಒಳ್ಳೆಯ ಸುದ್ದಿ. ಫೈಲ್ ಇದೆ, ಸರಿಯಾಗಿಯೂ ಇದೆ. ಇದನ್ನೇ ದೋಷ ಎಂದುಕೊಂಡು ಫೀಡನ್ನು ಕಿತ್ತು ಹಾಕಿದವರನ್ನು ನಾನು ನೋಡಿದ್ದೇನೆ. ಫೈರ್‌ಫಾಕ್ಸ್ ಮೊದಲು ಫೀಡನ್ನು ಚೆಂದವಾಗಿ ತೋರಿಸುತ್ತಿತ್ತು. 2018ರ ಡಿಸೆಂಬರಿನಲ್ಲಿ ಬಂದ 64ನೇ ಆವೃತ್ತಿಯಿಂದ ಅದನ್ನು ತೆಗೆದರು. ಈಗ ಹೆಚ್ಚಿನ ಬ್ರೌಸರುಗಳಲ್ಲಿ ಫೀಡ್ ಎಂದರೆ ಬರೀ ಕಂಸಗಳೇ.

404 ಎಂಬ ದೋಷದ ಸಂಖ್ಯೆ ಬಂದರೆ ವಿಳಾಸ ಬದಲಾಗಿದೆ. 410 ಬಂದರೆ ಸೈಟಿನವರು ಬೇಕೆಂದೇ ಫೀಡ್ ತೆಗೆದಿದ್ದಾರೆ. 500 ಅಥವಾ 503 ಬಂದರೆ ಸೈಟಿಗೇ ಹುಷಾರಿಲ್ಲ, ಒಂದು ದಿನ ಬಿಟ್ಟು ನೋಡಿ. ಗುಲಾಬಿ ಬಣ್ಣದ ಚೌಕದಲ್ಲಿ ಸಾಲಿನ ಸಂಖ್ಯೆ ಸಮೇತ ದೋಷ ತೋರಿಸಿದರೆ ಫೈಲೇ ಮುರಿದಿದೆ.

ಒಂದು 'ಪಂಪ್‌ಸೆಟ್' ಮಾಡಿದ ಕೆಲಸ

ಮೇಷ್ಟ್ರ ಫೀಡ್ ತೆರೆದಾಗ ಕಂಡದ್ದು ಇದೇ ಗುಲಾಬಿ ಚೌಕ. 'ಎಂಟಿಟಿ ಜಡ್‌ಡಬ್ಲ್ಯೂಎನ್‌ಜೆ ನಾಟ್ ಡಿಫೈನ್ಡ್' ಎಂದಿತ್ತು. ಇದು ಕನ್ನಡದವರು ತಿಳಿದುಕೊಳ್ಳಲೇಬೇಕಾದ ದೋಷ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

'ಪಂಪ್‌ಸೆಟ್' ಎಂಬ ಪದ ಆ ಕೃಷಿಕರ ಒಂದು ಶೀರ್ಷಿಕೆಯಲ್ಲಿತ್ತು. ಅದನ್ನು ಟೈಪ್ ಮಾಡುವಾಗ 'ಪ್' ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಹಾಕದಿದ್ದರೆ ಸಕಾರ ಒತ್ತಕ್ಷರವಾಗಿ ಕೆಳಗೆ ಹೋಗಿ 'ಪಂಪ್ಸೆಟ್' ಆಗುತ್ತದೆ. 'ಆನ್‌ಲೈನ್', 'ಸಾಫ್ಟ್‌ವೇರ್' ಎಲ್ಲದರಲ್ಲೂ ಅದೇ ಅಕ್ಷರವಿದೆ. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಆ ಅಕ್ಷರವನ್ನೇ ನೇರವಾಗಿ ಇಟ್ಟರೆ ಯಾವ ತೊಂದರೆಯೂ ಇಲ್ಲ. ಆದರೆ ಕೆಲವು ಎಡಿಟರುಗಳು ಅದರ ಬದಲು ಆಂಪರ್ಸಂಡ್ ಗುರುತು, ಆಮೇಲೆ ಜಡ್‌ಡಬ್ಲ್ಯೂಎನ್‌ಜೆ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ಕೊನೆಗೆ ಒಂದು ಸೆಮಿಕೋಲನ್ ಬರೆಯುತ್ತವೆ. ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ಗೆ ಈ ಸಂಕೇತ ಗೊತ್ತು. ಹಾಗಾಗಿ ಸೈಟ್ ಚೆನ್ನಾಗೇ ಕಾಣುತ್ತದೆ. ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವುದು ಇಂಥ ಐದೇ ಹೆಸರು. ಆಂಪರ್ಸಂಡ್, ಎರಡು ಕೋನ ಕಂಸ, ಎರಡು ಬಗೆಯ ಉದ್ಧರಣ ಚಿಹ್ನೆ. ಆರನೆಯದು ಕಂಡರೆ ಅಲ್ಲಿಗೇ ಓದುವುದನ್ನು ನಿಲ್ಲಿಸಬೇಕು ಎನ್ನುವುದೇ ಅದರ ನಿಯಮ. ಒಂದು ಶೀರ್ಷಿಕೆಯ ಒಂದು ಅಕ್ಷರಕ್ಕೆ ಇಡೀ ಫೀಡ್ ಬಿದ್ದುಹೋಗುತ್ತದೆ.

ಇನ್ನೊಂದು ಸಂಗತಿ. ಅದೇ ಫೀಡನ್ನು ಬೇರೆ ರೀಡರಿಗೆ ಹಾಕಿದೆ. ಅಲ್ಲಿ ಬಂತು! ಕೆಲವು ರೀಡರುಗಳು ನಿಯಮವನ್ನು ಸಡಿಲ ಮಾಡಿ, ಗೊತ್ತಿಲ್ಲದ ಸಂಕೇತವನ್ನು ಸುಧಾರಿಸಿಕೊಂಡು ಮುಂದೆ ಹೋಗುತ್ತವೆ. ಕೆಲವು ಹೋಗುವುದಿಲ್ಲ. 'ನನಗೆ ಬರ್ತಿದೆಯಲ್ಲ' ಎಂದು ಪಕ್ಕದವರು ಹೇಳಿದರೆ ಫೈಲ್ ಸರಿಯಿದೆ ಎಂದು ಅರ್ಥವಲ್ಲ.

ಮೇಷ್ಟ್ರ ಫೀಡಿನಲ್ಲಿ ಇತ್ತೀಚಿನ 10 ಬರಹಗಳು ಇರುತ್ತಿದ್ದವು. 'ಪಂಪ್‌ಸೆಟ್' ಬರಹವಾದ ಮೇಲೆ ಆರು ಬಂದಿದ್ದವು. ಇನ್ನು ನಾಲ್ಕು ಬಂದಿದ್ದರೆ ಅದು ಪಟ್ಟಿಯಿಂದ ಕೆಳಗೆ ಬಿದ್ದು, ಫೀಡ್ ತಾನೇ ಸರಿಯಾಗುತ್ತಿತ್ತು. ಕೆಟ್ಟ ಫೀಡ್ ಒಂದು ದಿನ ತಾನಾಗಿಯೇ ಎದ್ದು ಕೂರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ದಿನಕ್ಕೆ ಇಪ್ಪತ್ತು ಸುದ್ದಿ ಹಾಕುವ ಸೈಟಿನಲ್ಲಿ ಅರ್ಧ ದಿನದಲ್ಲಿ ವಾಸಿಯಾಗುತ್ತದೆ. ತಿಂಗಳಿಗೊಂದು ಬರೆಯುವವರ ಫೀಡ್ ಹತ್ತು ತಿಂಗಳು ಬಿದ್ದಿರುತ್ತದೆ. ಅಂಥವರ ಬರಹಕ್ಕೇ ಫೀಡ್ ಜಾಸ್ತಿ ಬೇಕಾಗಿರುವುದು, ಅಲ್ವಾ?

ಇದೇ ಜಾತಿಯ ದೋಷಗಳು ಇನ್ನೂ ಮೂರಿವೆ. 'ಅಡಿಕೆ & ಕಾಳುಮೆಣಸು' ಎಂಬ ಶೀರ್ಷಿಕೆಯಲ್ಲಿ ಆಂಪರ್ಸಂಡನ್ನು ಹಾಗೇ ಬಿಟ್ಟರೆ ಫೈಲ್ ಮುರಿಯುತ್ತದೆ. ವರ್ಡ್‌ಪ್ರೆಸ್, ಬ್ಲಾಗರ್ ಇದನ್ನು ತಾವೇ ಸರಿಮಾಡುತ್ತವೆ. ಸ್ವಂತವಾಗಿ ಬರೆಸಿಕೊಂಡ ಸಾಫ್ಟ್‌ವೇರಿನಲ್ಲಿ ಇದು ತಪ್ಪಿಹೋಗುವುದು ಜಾಸ್ತಿ. ಪಿಡಿಎಫ್ ಅಥವಾ ವರ್ಡ್‌ನಿಂದ ಪೇಸ್ಟ್ ಮಾಡಿದ ಬರಹದಲ್ಲಿ ಕಣ್ಣಿಗೆ ಕಾಣದ ಕಂಟ್ರೋಲ್ ಅಕ್ಷರ ಸೇರಿಕೊಂಡರೂ ಹೀಗೇ ಆಗುತ್ತದೆ. ಆಗ 'ಇನ್‌ವ್ಯಾಲಿಡ್ ಕ್ಯಾರ್ ವ್ಯಾಲ್ಯೂ' ಎಂದು ಬಂದು ಪಕ್ಕದಲ್ಲಿ 8, 11ರಂಥ ಸಂಖ್ಯೆ ಇರುತ್ತದೆ. ಮೂರನೆಯದು ವರ್ಡ್‌ಪ್ರೆಸ್‌ನ ಹಳೆಯ ಕಾಯಿಲೆ: 'ಸಾಲು 2, ಕಾಲಂ 6, ಎಕ್ಸ್‌ಎಂಎಲ್ ಘೋಷಣೆ ಫೈಲಿನ ಮೊದಲಲ್ಲೇ ಇರಬೇಕು.' ಥೀಮ್‌ನ ಫಂಕ್ಷನ್ಸ್ ಫೈಲಿನಲ್ಲೋ, ಯಾವುದೋ ಪ್ಲಗಿನ್‌ನಲ್ಲೋ ಪಿಎಚ್‌ಪಿ ಕೋಡ್ ಶುರುವಾಗುವ ಮೊದಲು ಅಥವಾ ಮುಗಿದ ಮೇಲೆ ಒಂದು ಖಾಲಿ ಸಾಲು ಉಳಿದಿದೆ ಎಂದರ್ಥ. ಸೈಟ್ ನಿಮ್ಮದೇ ಆಗಿದ್ದರೆ ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ಫೀಡ್ ತೆರೆದು ನೋಡಿ. ಯಾವುದನ್ನು ನಿಲ್ಲಿಸಿದಾಗ ಗುಲಾಬಿ ಚೌಕ ಹೋಯಿತೋ ಅದೇ ಕಳ್ಳ. ಯಾವ ಪ್ಲಗಿನ್ ನಿಲ್ಲಿಸಿದರೂ ಹೋಗದಿದ್ದರೆ ಥೀಮ್ ಬದಲಿಸಿ ನೋಡಿ.

ಬ್ರೌಸರಿನ ಮಾತು ಅರ್ಥವಾಗದಿದ್ದರೆ ಡಬ್ಲ್ಯೂ3ಸಿ ಸಂಸ್ಥೆಯ ಫೀಡ್ ವ್ಯಾಲಿಡೇಟರ್ ಪುಟಕ್ಕೆ ವಿಳಾಸ ಕೊಡಿ. ಉಚಿತ. ತಪ್ಪಿರುವ ಸಾಲನ್ನೇ ಎತ್ತಿ ತೋರಿಸುತ್ತದೆ. ಅಲ್ಲಿ ಬರುವ ಎಚ್ಚರಿಕೆಗಳನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ, ದೋಷ ಎಂದಿರುವುದನ್ನು ಮಾತ್ರ ನೋಡಿ.

ಬರಹ ಬರುತ್ತಿದೆ, ಕನ್ನಡ ಮಾತ್ರ ಬರುತ್ತಿಲ್ಲ

ಇದರಲ್ಲಿ ಎರಡು ಬಗೆ. ಎರಡನ್ನೂ ಕಣ್ಣಿನಿಂದಲೇ ಗುರುತು ಹಿಡಿಯಬಹುದು.

ಯೂನಿಕೋಡ್ ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿ, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿಯಲ್ಲಿ, ಮೂರು ಬೈಟ್ ತೆಗೆದುಕೊಳ್ಳುತ್ತದೆ. 'ಕನ್ನಡ' ಎಂಬ ಪದದಲ್ಲಿ ಕ, ನ, ಅದರ ಸ್ವರ ತೆಗೆಯುವ ಹಲಂತ ಚಿಹ್ನೆ, ಮತ್ತೊಂದು ನ, ಡ ಹೀಗೆ ಐದು ಇವೆ. ಒಟ್ಟು 15 ಬೈಟ್. ಈ ಬೈಟುಗಳನ್ನು ಹಳೆಯ ಲ್ಯಾಟಿನ್ ಪದ್ಧತಿಯಲ್ಲಿ ಓದಿಬಿಟ್ಟರೆ ಪ್ರತಿ ಕನ್ನಡ ಅಕ್ಷರಕ್ಕೂ ತಲೆ ಮೇಲೆ ಓರೆ ಗೆರೆ ಇರುವ ಸಣ್ಣ 'ಎ' ಒಂದು, ಅದರ ಪಕ್ಕ ಮೇಲಕ್ಕೆ ಬರೆದ ಪುಟ್ಟ 2 ಅಥವಾ 3 ಕಾಣುತ್ತದೆ. ಸಾಲಿನ ಉದ್ದಕ್ಕೂ ಅದೇ 'ಎ', ಅದೇ 2, 3 ಮರಳಿ ಮರಳಿ ಬರುತ್ತಿದ್ದರೆ ಕನ್ನಡ ಕೆಟ್ಟಿಲ್ಲ, ಓದುವ ಪದ್ಧತಿ ತಪ್ಪಿದೆ. ಸರ್ವರ್ ಒಂದು ಎನ್‌ಕೋಡಿಂಗ್ ಹೇಳುತ್ತಿದೆ, ಫೈಲ್ ಇನ್ನೊಂದರಲ್ಲಿದೆ. ಸೈಟಿನವರು ಸರ್ವರಿನಲ್ಲಿ ಯುಟಿಎಫ್-8 ಎಂದು ಸೇರಿಸಿದರೆ ಮುಗಿಯಿತು.

ಸಾಲಿನಲ್ಲಿ ದೊಡ್ಡ 'ಪಿ', ಪೌಂಡಿನ ಗುರುತು, ಜರ್ಮನ್ ಅಕ್ಷರ, ತಲೆ ಮೇಲೆ ಗೆರೆಯ ದೊಡ್ಡ 'ಎ' ಎಲ್ಲ ಬೆರೆತು ಬಂದಿದ್ದರೆ ಅದು 'ನುಡಿ' ಅಥವಾ 'ಬರಹ' ಎಂಬ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಬರೆದದ್ದು. ಸೈಟಿನಲ್ಲಿ ಆ ಫಾಂಟ್ ಜೊತೆಗೇ ಬರುವುದರಿಂದ ಕನ್ನಡದ ಹಾಗೆ ಕಾಣುತ್ತದೆ. ರೀಡರಿಗೆ ಬಂದಾಗ ಫಾಂಟ್ ಕಳಚಿಕೊಂಡು ಒಳಗಿನ ಲ್ಯಾಟಿನ್ ಅಕ್ಷರ ಬಯಲಾಗುತ್ತದೆ. ಇದಕ್ಕೆ ರೀಡರಿನಲ್ಲಿ ಮದ್ದಿಲ್ಲ. ಬರೆದವರು ಕನ್ವರ್ಟರ್ ಹಾಕಿ ಯೂನಿಕೋಡಿಗೆ ಬದಲಿಸಬೇಕು.

ಬರಹದ ಸಾರಾಂಶ ಮಾತ್ರ ಕೊಡುವ ಫೀಡುಗಳಲ್ಲಿ ಕೊನೆಯ ಅಕ್ಷರದ ಜಾಗದಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದಲ್ಲ, ಅದು ಬೈಟ್ ಎಣಿಸಿ ಕತ್ತರಿಸಿದ ಗುರುತು. ಮೂರು ಬೈಟಿನ ಅಕ್ಷರದ ಹೊಟ್ಟೆಗೇ ಕತ್ತರಿ ಬಿದ್ದಿದೆ. ಸಾಮಾನ್ಯವಾಗಿ ಓದುವುದಕ್ಕೆ ತೊಂದರೆಯಿಲ್ಲ. ಆದರೆ ನಿಯಮ ಬಿಡದ ರೀಡರಿನಲ್ಲಿ ಇದೇ ಫೀಡನ್ನು ಬೀಳಿಸಬಹುದು.

ಬ್ರೌಸರಿನಲ್ಲಿ ಸರಿ, ರೀಡರಿನಲ್ಲಿ ಇಲ್ಲ

ಫೈಲ್ ಚೆನ್ನಾಗಿದೆ, ವ್ಯಾಲಿಡೇಟರೂ ಒಪ್ಪಿದೆ, ಆದರೂ ಬರುತ್ತಿಲ್ಲ. ಈಗ ದಾರಿಯನ್ನು ನೋಡಬೇಕು.

ಈಚೆಗೆ ಜಾಸ್ತಿ ಸಿಗುವ ಕಾರಣ ಕಾವಲು. 'ನೀವು ಮನುಷ್ಯರೇ?' ಎಂದು ಕೇಳಿ ಒಂದು ಚೌಕಕ್ಕೆ ಗುರುತು ಹಾಕಿಸಿಕೊಳ್ಳುವ ಪುಟವನ್ನು ಅನೇಕ ಸೈಟುಗಳು ಇಟ್ಟುಕೊಂಡಿವೆ. ನೀವು ಗುರುತು ಹಾಕಿ ಒಳಗೆ ಹೋಗುತ್ತೀರಿ. ರೀಡರ್ ಹಾಕಲಾರದು. ಅದಕ್ಕೆ 403, ಅಂದರೆ ಒಳಗೆ ಬಿಡುವುದಿಲ್ಲ ಎಂಬ ಉತ್ತರ ಸಿಗುತ್ತದೆ, ಇಲ್ಲವೇ ಫೀಡಿನ ಜಾಗದಲ್ಲಿ ಆ ಪ್ರಶ್ನೆಯ ಪುಟವೇ ಸಿಗುತ್ತದೆ. ಯಂತ್ರಗಳು ಓದಲಿ ಎಂದೇ ಮಾಡಿದ ಫೈಲನ್ನು ಯಂತ್ರಗಳಿಂದ ಕಾಯುವುದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಸೈಟಿನವರು ಬೇಕೆಂದು ಮಾಡಿರುವುದಿಲ್ಲ. ಕಾವಲು ಹಾಕುವಾಗ ಫೀಡಿನ ನೆನಪಿರುವುದಿಲ್ಲ, ಅಷ್ಟೇ. ಒಂದು ಪತ್ರ ಬರೆದರೆ ಸರಿಯಾಗುತ್ತದೆ.

ಸೈಟ್ ಅಸಲಿ ಎಂದು ತೋರಿಸುವ ಪ್ರಮಾಣಪತ್ರದ ದೋಷ ಇನ್ನೂ ಸೂಕ್ಷ್ಮ. ಎಚ್‌ಟಿಟಿಪಿಎಸ್ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಬ್ರೌಸರೇ ಎಚ್ಚರಿಕೆಯ ಪುಟ ತೋರಿಸುತ್ತದೆ, ಸುಲಭವಾಗಿ ಗೊತ್ತಾಗುತ್ತದೆ. ಆದರೆ ಸರ್ವರಿನಲ್ಲಿ ನಡುವಿನ ಪ್ರಮಾಣಪತ್ರವೊಂದನ್ನು ಇಡುವುದು ಮರೆತಿದ್ದರೆ ಬ್ರೌಸರ್ ಅದನ್ನು ಬೇರೆಡೆಯಿಂದ ಹುಡುಕಿ ತಂದುಕೊಂಡು ಸುಮ್ಮನಾಗುತ್ತದೆ. ರೀಡರ್ ಹಾಗೆ ಮಾಡದೆ ಹಿಂದಿರುಗುತ್ತದೆ. ರೀಡರಿನ ದೋಷದ ಸಾಲಿನಲ್ಲಿ 'ಸರ್ಟಿಫಿಕೇಟ್' ಎಂಬ ಪದ ಕಂಡರೆ ಇದನ್ನೇ ಅನುಮಾನಿಸಿ.

ಬ್ರೌಸರಿನಲ್ಲಿ ಫೀಡ್ ತೆರೆದಾಗಲೂ ಹಳೆಯ ಬರಹವೇ ಮೇಲಿದ್ದರೆ ಅದು ಕ್ಯಾಶ್, ಅಂದರೆ ಬೇಗ ಕೊಡಲೆಂದು ಮೊದಲೇ ಎತ್ತಿಟ್ಟುಕೊಂಡ ಪ್ರತಿ. ವಿಳಾಸದ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಯಾವುದಾದರೂ ಸಂಖ್ಯೆ ಸೇರಿಸಿ ಮತ್ತೆ ತೆರೆಯಿರಿ. ಈಗ ಹೊಸ ಬರಹ ಬಂತಾ? ಹಾಗಾದರೆ ಸೈಟಿನ ಕ್ಯಾಶ್ ಹಳೆಯ ಪ್ರತಿಯನ್ನೇ ಹಂಚುತ್ತಿದೆ.

ಸ್ವಂತ ಸರ್ವರಿನಲ್ಲಿ ಫ್ರೆಶ್‌ಆರ್‌ಎಸ್‌ಎಸ್, ಮಿನಿಫ್ಲಕ್ಸ್ ಥರದ ರೀಡರ್ ನಡೆಸುವವರು 429, ಅಂದರೆ ತೀರಾ ಜಾಸ್ತಿ ಸಲ ಕೇಳುತ್ತಿದ್ದೀರಿ ಎಂಬ ಉತ್ತರ ಬಂದರೆ ತಮ್ಮ ಕಡೆಯೇ ನೋಡಿಕೊಳ್ಳಬೇಕು. ಐದೈದು ನಿಮಿಷಕ್ಕೆ ಹೋಗಿ ಬಾಗಿಲು ಬಡಿದರೆ ಯಾರಾದರೂ ಮುಚ್ಚುತ್ತಾರೆ. ಗಂಟೆಗೊಮ್ಮೆ ಸಾಕು.

ಇನ್ನು ಫೋನಿನದು. ತಾನೇ ಹೋಗಿ ಫೀಡ್ ತರುವ ಆ್ಯಪ್‌ಗಳನ್ನು ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯ ಹಿನ್ನೆಲೆಯಲ್ಲಿ ಮಲಗಿಸಿಬಿಡುತ್ತದೆ. ಆ್ಯಪ್ ತೆರೆದು ಕೈಯಿಂದ ಎಳೆದಾಗ ಎಲ್ಲ ಬರುತ್ತದೆ, ಇಲ್ಲದಿದ್ದರೆ ಇಲ್ಲ ಎಂದಾದರೆ ಬ್ಯಾಟರಿ ಸೆಟ್ಟಿಂಗಿನಲ್ಲಿ ಆ ಆ್ಯಪ್‌ಗೆ ನಿರ್ಬಂಧ ತೆಗೆಯಿರಿ.

ಕೆಲವು ಬಂದಿವೆ, ಕೆಲವು ಬಂದಿಲ್ಲ

ವರ್ಡ್‌ಪ್ರೆಸ್ ಫೀಡ್ ಸಾಮಾನ್ಯವಾಗಿ ಇತ್ತೀಚಿನ 10 ಬರಹ ಕೊಡುತ್ತದೆ. ಯೂಟ್ಯೂಬ್ ಚಾನೆಲ್ಲಿನ ಫೀಡ್ 15 ವಿಡಿಯೊ ಕೊಡುತ್ತದೆ. ಅದಕ್ಕಿಂತ ಹಿಂದಿನದು ಫೈಲಿನಲ್ಲಿ ಇರುವುದೇ ಇಲ್ಲ. ಫೀಡಿನಲ್ಲಿ 10 ಬರಹ ಮಾತ್ರ ಇಟ್ಟು ದಿನಕ್ಕೆ 30 ಹಾಕುವ ಸೈಟಿಗೆ ನಿಮ್ಮ ಫೋನಿನ ರೀಡರ್ ದಿನಕ್ಕೊಮ್ಮೆ ಹೋದರೆ ಉಳಿದ 20 ಕೈಗೆ ಸಿಗುವುದಿಲ್ಲ. ಮತ್ತೆ ಎಷ್ಟು ಸಲ ಎಳೆದರೂ ಬರುವುದಿಲ್ಲ. ಅಂಥ ಸೈಟುಗಳಿಗೆ ಫೀಡ್ಲಿ, ಇನೊರೀಡರ್ ಥರದ, ಸರ್ವರಿನಲ್ಲಿ ಕೂತು ಹಗಲೂ ರಾತ್ರಿ ತರುವ ರೀಡರ್ ಬೇಕು.

ಬಂದದ್ದು ತಪ್ಪು ಜಾಗದಲ್ಲಿ ಕೂತಿರಲೂಬಹುದು. ಆರ್‌ಎಸ್‌ಎಸ್‌ನಲ್ಲಿ ದಿನಾಂಕದ ವಾರ, ತಿಂಗಳು ಇಂಗ್ಲಿಷಿನ ಮೂರಕ್ಷರದಲ್ಲೇ ಇರಬೇಕು. ಸಾಫ್ಟ್‌ವೇರ್ ಅಲ್ಲೂ ಕನ್ನಡದಲ್ಲಿ 'ಮಂಗಳವಾರ' ಎಂದು ಬರೆದರೆ ರೀಡರಿಗೆ ಅರ್ಥವಾಗದೆ ಆ ಬರಹ 1970ರ ಜನವರಿ 1ಕ್ಕೆ ಹೋಗಿ ಪಟ್ಟಿಯ ತಳ ಸೇರಬಹುದು. ಹೊಸದು ಬಂದಿಲ್ಲ ಎನ್ನುವ ಮೊದಲು ಒಂದು ಸಲ ತಳಕ್ಕೆ ಹೋಗಿ ನೋಡಿ. ಹೊಸ ಬರಹ ಐದೂವರೆ ಗಂಟೆ ಮುಂದಿನ ಸಮಯ ತೋರಿಸಿ ಮೇಲೇ ಅಂಟಿಕೊಂಡಿದ್ದರೆ, ಭಾರತದ ಸಮಯ ಬರೆದು ಅದು ಗ್ರೀನಿಚ್ ಸಮಯ ಎಂದು ಹೇಳಿದ್ದಾರೆ ಎಂದರ್ಥ.

ಹಳೆಯದೆಲ್ಲ ಹೊಸದಾಗಿ ಮತ್ತೆ ಬಂದರೆ ಬರಹಗಳ ಗುರುತಿನ ಸಂಖ್ಯೆ ಬದಲಾಗಿದೆ. ಸೈಟ್ ಹೊಸ ಡೊಮೇನಿಗೆ ಹೋದಾಗ ಇದು ಮಾಮೂಲು. ಎಲ್ಲವನ್ನೂ ಓದಿದ್ದು ಎಂದು ಗುರುತು ಹಾಕಿ, ಒಂದೇ ಸಲದ ಕಷ್ಟ.

ವಿಳಾಸವೇ ಹೋದರೆ

ಬ್ಲಾಗರ್ ಸೈಟಾದರೆ ವಿಳಾಸದ ಕೊನೆಗೆ ಇಂಗ್ಲಿಷಿನಲ್ಲಿ ಫೀಡ್ಸ್, ಪೋಸ್ಟ್ಸ್, ಡಿಫಾಲ್ಟ್ ಎಂಬ ಮೂರು ಪದಗಳನ್ನು ನಡುವೆ ಓರೆ ಗೆರೆ ಹಾಕಿ ಸೇರಿಸಿ. ವರ್ಡ್‌ಪ್ರೆಸ್‌ಗೆ ಫೀಡ್ ಎಂಬ ಒಂದೇ ಪದ ಸಾಕು. ಬೇರೆ ಸೈಟಾದರೆ ಪುಟದ ಸೋರ್ಸ್ ತೆರೆದು 'ಆರ್‌ಎಸ್‌ಎಸ್' ಅಥವಾ 'ಆಟಮ್' ಎಂದು ಇಂಗ್ಲಿಷಿನಲ್ಲಿ ಹುಡುಕಿ. ಎರಡು ವಿಳಾಸ ಸಿಕ್ಕರೆ ಒಂದು ಓದುಗರ ಪ್ರತಿಕ್ರಿಯೆಗಳದ್ದಿರುತ್ತದೆ. ರೀಡರಿನಲ್ಲಿ ಬರೀ 'ತುಂಬಾ ಚೆನ್ನಾಗಿದೆ ಸರ್' ಬರುತ್ತಿದ್ದರೆ ಅದನ್ನು ಸೇರಿಸಿಕೊಂಡಿದ್ದೀರಿ. ಬ್ಲಾಗರಿನಲ್ಲಿ ಬರೆಯುವವರೇ ಸೆಟ್ಟಿಂಗಿನಲ್ಲಿ ಫೀಡ್ ನಿಲ್ಲಿಸಿರುವ ಸಾಧ್ಯತೆಯೂ ಇದೆ.

ಪತ್ರ

ಫೈಲಿನ ತಪ್ಪನ್ನು ಓದುಗರು ಸರಿಮಾಡಲಾಗುವುದಿಲ್ಲ. ಹೇಳಬಹುದು. ಆ ಕೃಷಿಕರಿಗೆ ನಾನು ಬರೆದದ್ದು ಇಷ್ಟು:

'ನಮಸ್ಕಾರ. ನಿಮ್ಮ ಬರಹಗಳನ್ನು ಫೀಡಿನಲ್ಲಿ ಓದುವವರು ನಮ್ಮ ಬೀದಿಯಲ್ಲಿದ್ದಾರೆ. ಪಂಪ್‌ಸೆಟ್ ರಿಪೇರಿಯ ಬರಹ ಬಂದಾಗಿನಿಂದ ಅವರ ರೀಡರಿನಲ್ಲಿ ಫೀಡ್ ತೆರೆಯುತ್ತಿಲ್ಲ. ಆ ಶೀರ್ಷಿಕೆಯಲ್ಲಿ ಒಂದು ಸಂಕೇತ ಸೇರಿಕೊಂಡಿದೆ. ದೋಷದ ಸಾಲಿನ ಚಿತ್ರ ಜೊತೆಗಿದೆ. ಶೀರ್ಷಿಕೆಯನ್ನು ಇನ್ನೊಮ್ಮೆ ಟೈಪ್ ಮಾಡಿದರೆ ಸರಿಹೋಗಬಹುದು.'

ಯಾವ ಬರಹದಿಂದ ಶುರುವಾಯಿತು, ಯಾವ ಸಾಲು, ಒಂದು ಚಿತ್ರ. ಇಷ್ಟಿದ್ದರೆ ಸೈಟಿನವರಿಗೆ ಹುಡುಕುವ ಕೆಲಸ ಉಳಿಯುವುದಿಲ್ಲ. 'ನಿಮ್ಮ ಫೀಡ್ ಕೆಲಸ ಮಾಡ್ತಿಲ್ಲ' ಎಂದಷ್ಟೇ ಬರೆದರೆ ಅವರು ಬ್ರೌಸರಿನಲ್ಲಿ ಸೈಟ್ ತೆರೆದು ನೋಡಿ, ಎಲ್ಲ ಸರಿಯಿದೆಯಲ್ಲ ಎಂದುಕೊಳ್ಳುತ್ತಾರೆ. ಮೂರನೇ ದಿನಕ್ಕೆ ಉತ್ತರ ಬಂತು. ಆ ಸಂಜೆ ಮೇಷ್ಟ್ರ ಫೋನಿಗೆ ಏಳೂ ಬರಹಗಳು ಒಟ್ಟಿಗೇ ಬಂದವು.

ತಿಂಗಳಿಗೊಮ್ಮೆ

ಈಗ ಪ್ರತಿ ತಿಂಗಳ ಮೊದಲ ಭಾನುವಾರ ನಾನು ಫೀಡುಗಳನ್ನು ಕೊನೆಯ ಬರಹದ ದಿನಾಂಕದ ಪ್ರಕಾರ ಜೋಡಿಸುತ್ತೇನೆ. ತುಂಬಾ ರೀಡರುಗಳಲ್ಲಿ ಈ ಸೌಲಭ್ಯವಿದೆ. ಮೂರು ತಿಂಗಳಿಗಿಂತ ಜಾಸ್ತಿ ಸುಮ್ಮನಿರುವ ಪ್ರತಿ ಸೈಟನ್ನೂ ಬ್ರೌಸರಿನಲ್ಲಿ ತೆರೆಯುತ್ತೇನೆ. ಆಮೇಲೆ ಇಡೀ ಪಟ್ಟಿಯನ್ನು ಓಪಿಎಂಎಲ್ ಎಂಬ, ಬೇರೆ ರೀಡರುಗಳೂ ಓದಬಲ್ಲ ಫೈಲಾಗಿ ಇಳಿಸಿಕೊಂಡು ಬೇರೆ ಕಡೆ ಇಡುತ್ತೇನೆ. 2013ರ ಜುಲೈ 1ರಂದು ಗೂಗಲ್ ರೀಡರ್ ಮುಚ್ಚಿದಾಗ ಈ ಫೈಲ್ ಇದ್ದವರು ಅದೇ ದಿನ ಬೇರೆ ರೀಡರಿಗೆ ಹೋಗಿ ಓದು ಮುಂದುವರಿಸಿದರು. ಮೇಷ್ಟ್ರ ಪಟ್ಟಿಯ ಪ್ರತಿಯನ್ನೂ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಅದರಲ್ಲಿ ಈಗ ಹದಿನಾಲ್ಕು ಸೈಟುಗಳಿವೆ. ಕಳೆದ ಭಾನುವಾರ ನೋಡಿದಾಗ ಎರಡು ಸುಮ್ಮನಿದ್ದವು. ಒಂದರ ವಿಳಾಸ ಬದಲಾಗಿತ್ತು, ಸರಿ ಮಾಡಿದೆ. ಇನ್ನೊಂದನ್ನು ಬರೆಯುತ್ತಿದ್ದವರು ನಿಜವಾಗಿಯೂ ನಿಲ್ಲಿಸಿದ್ದರು. ಅದನ್ನು ಮೇಷ್ಟ್ರು ತೆಗೆಯುವುದು ಬೇಡ ಅಂದರು, ಹಾಗೇ ಬಿಟ್ಟಿದ್ದೇನೆ.